ಈರುಳ್ಳಿಗೆ ಕೊನೆಯ ಗೊಬ್ಬರ: ಹಾಕಬೇಕಾ, ಬಿಡಬೇಕಾ?

ಸೆಪ್ಟೆಂಬರ್ ಬಂತೆಂದರೆ ಚಳ್ಳಕೆರೆಯ ಗೊಬ್ಬರದ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ಒಂದೇ. "ಗಡ್ಡೆ ಇನ್ನೂ ನಿಂಬೆಹಣ್ಣಿನಷ್ಟೇ ಐತಣ್ಣ, ಕೊನೇಗೆ ಏನಾದ್ರೂ ಹಾಕಾಕೆ ಕೊಡು." ಕೇಳುವವರಿಗೆ ಕೀಳಲು ಇನ್ನು ಮೂರೋ ನಾಲ್ಕೋ ವಾರ ಉಳಿದಿರುತ್ತದೆ. ಒಂದು ಅಂಗಡಿಯವರು ಯೂರಿಯಾ ಚೀಲ ತೋರಿಸುತ್ತಾರೆ. ಇನ್ನೊಬ್ಬರು 0-0-50 ಅನ್ನುವ ಪೊಟ್ಯಾಶ್ ಪೊಟ್ಟಣ ಕೊಡುತ್ತಾರೆ (ಮೂರು ಅಂಕಿ ಅಂದರೆ ಸಾರಜನಕ, ರಂಜಕ, ಪೊಟ್ಯಾಶ್ ನೂರಕ್ಕೆ ಎಷ್ಟು ಅಂತ). ಮತ್ತೊಬ್ಬರ ಹತ್ತಿರ ಮಿರಮಿರ ಮಿಂಚುವ ಬಾಟಲಿ ಇರುತ್ತದೆ. ಪಕ್ಕದ ಹೊಲದ ದೊಡ್ಡಪ್ಪ ಮಾತ್ರ "ಏನೂ ಹಾಕಬ್ಯಾಡ, ಸುಮ್ನಿರು" ಅನ್ನುತ್ತಾರೆ.

ನಾನು ಈ ನಾಲ್ಕನ್ನೂ ಬೇರೆ ಬೇರೆ ವರ್ಷ ಮಾಡಿ ನೋಡಿದ್ದೇನೆ. ದುಡ್ಡು ಕೊಟ್ಟು ಕಲಿತದ್ದು ಇಷ್ಟು: ಗೊಬ್ಬರದ ಪ್ರಶ್ನೆಗೆ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಈರುಳ್ಳಿಯನ್ನು ಯಾವಾಗ ಮಾರುತ್ತೀರಿ? ಕಿತ್ತ ವಾರವೇ ಯಶವಂತಪುರಕ್ಕೋ ದಾವಣಗೆರೆಗೋ ಲಾರಿ ಹತ್ತಿಸುತ್ತೀರಾ, ಇಲ್ಲಾ ದೀಪಾವಳಿ ಕಳೆದು ರೇಟು ನೋಡಿಕೊಂಡು ಬಿಚ್ಚುತ್ತೀರಾ? ಒಂದೇ ಗೊಬ್ಬರ ಮೊದಲನೆಯವರಿಗೆ ಅಷ್ಟೇನೂ ಕೆಡುಕು ಮಾಡದೆ ಹೋಗಬಹುದು, ಎರಡನೆಯವರ ಶೆಡ್ಡನ್ನೇ ಕೊಳೆಸಬಹುದು.

ಕತ್ತಿನ ಕಥೆ

ಮೊದಲು ಗಿಡ ಏನು ಮಾಡುತ್ತಿದೆ ಅಂತ ನೋಡೋಣ. ಈರುಳ್ಳಿ ಗಡ್ಡೆ ಅಂದರೆ ಬೇರಲ್ಲ, ಗರಿಗಳ ಬುಡವೇ ಉಬ್ಬಿ ಒಂದರ ಮೇಲೊಂದು ಸುತ್ತಿಕೊಂಡದ್ದು. ಗಿಡ ಬೆಳೆಯುತ್ತಿರುವ ತನಕ ಕತ್ತಿನ ಒಳಗಿಂದ ಹೊಸ ಗರಿ ಏಳುತ್ತಲೇ ಇರುತ್ತದೆ. ಹಾಗಾಗಿ ಕತ್ತು ಗಟ್ಟಿಯಾಗಿ ನೆಟ್ಟಗಿರುತ್ತದೆ. ಗಡ್ಡೆ ಬಲಿಯುವ ಹೊತ್ತಿಗೆ ಹೊಸ ಗರಿ ಏಳುವುದು ನಿಲ್ಲುತ್ತದೆ. ಇದ್ದ ಗರಿಗಳು ಮಾಡಿದ ಆಹಾರವೆಲ್ಲ ಕೆಳಗಿಳಿಯುತ್ತದೆ. ಕತ್ತಿನೊಳಗೆ ಏನೂ ಇಲ್ಲದೆ ಟೊಳ್ಳಾಗಿ, ತಾನಾಗಿಯೇ ಬಾಗಿ ಬೀಳುತ್ತದೆ. ಅರ್ಧ ಹೊಲದ ಕತ್ತು ಬಿದ್ದರೆ ಕೊಯ್ಲಿಗೆ ಬಂತು ಅನ್ನುವುದು ಇದಕ್ಕೇ.

ಈ ಕತ್ತೇ ಗಡ್ಡೆಯ ಬಾಗಿಲು. ಅದು ಒಣಗಿ ಮುಚ್ಚಿಕೊಂಡರೆ ಒಳಗೆ ಏನೂ ನುಗ್ಗುವುದಿಲ್ಲ. ಹಸಿಯಾಗಿ, ದಪ್ಪಗೆ ಉಳಿದರೆ ಕಪ್ಪು ಬೂಸ್ಟು, ಕತ್ತು ಕೊಳೆ, ನಾರುವ ಮೆತ್ತನೆ ಕೊಳೆ ಎಲ್ಲದಕ್ಕೂ ಅದೇ ದಾರಿ.

ಕೀಳುವ ಮುಂಚೆ ಒಂದು ಕೆಲಸ ಮಾಡಿ. ಹೊಲದ ನಾಲ್ಕು ಕಡೆ ಕೂತು ಗಡ್ಡೆಯ ಮೇಲೆ ಒಂದು ಇಂಚು ಬಿಟ್ಟು ಕತ್ತನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಒತ್ತಿ. ಚೆನ್ನಾಗಿ ಬಲಿತದ್ದಾದರೆ ಎರಡು ಬೆರಳೂ ಹತ್ತಿರ ಹತ್ತಿರ ಬರುತ್ತವೆ, ಖಾಲಿ ಕೊಳವೆ ಹಿಡಿದ ಹಾಗೆ. ಬಲಿಯದಿದ್ದರೆ ನಡುವೆ ಗುಂಡಗೆ, ಬಿರುಸಾಗಿ ಏನೋ ಸಿಗುತ್ತದೆ. ಅದು ಒಳಗಿಂದ ಏಳುತ್ತಿರುವ ಹೊಸ ಗರಿ. ಅಂಥದ್ದನ್ನು ಕುಡುಗೋಲಿನಲ್ಲಿ ಕೊಯ್ದು ನೋಡಿ. ಕೊಯ್ದ ಜಾಗದಲ್ಲಿ ಹಸಿರು ಉಂಗುರ ಕಾಣಿಸುತ್ತದೆ, ಬೆರಳಿಗೆ ಲೋಳೆ ಅಂಟುತ್ತದೆ. ಈ ಗಡ್ಡೆ ಶೆಡ್ಡಿಗೆ ಹೋಗಬಾರದು.

ಮುಂದಿನ ಹೋಲಿಕೆಯೆಲ್ಲ ಈ ಬೆರಳಿನ ಪರೀಕ್ಷೆಯ ಸುತ್ತಲೇ.

ಕೊನೆಯವರೆಗೂ ಯೂರಿಯಾ

ಜನ ಯಾಕೆ ಹಾಕುತ್ತಾರೆ ಅಂತ ನನಗೆ ಅರ್ಥವಾಗುತ್ತದೆ. ಯೂರಿಯಾ ಅಗ್ಗ, ಹಾಕಿದ ನಾಲ್ಕೇ ದಿನಕ್ಕೆ ಹೊಲ ಕಪ್ಪು ಹಸಿರು ತಿರುಗುತ್ತದೆ. ಕಣ್ಣಿಗೆ ತಂಪು. ಆದರೆ ಆ ಹಸಿರು ಗರಿಯದ್ದು, ಗಡ್ಡೆಯದ್ದಲ್ಲ. ನಿಲ್ಲಬೇಕಾಗಿದ್ದ ಗಿಡಕ್ಕೆ ಯೂರಿಯಾದ ಸಾರಜನಕ ಸಿಕ್ಕರೆ ಮತ್ತೆ ಹೊಸ ಗರಿ ಬಿಡಲು ಶುರು ಮಾಡುತ್ತದೆ. ಕತ್ತು ದಪ್ಪ ಆಗುತ್ತದೆ, ಬೀಳುವುದು ತಡವಾಗುತ್ತದೆ. ಜೋಡಿ ಗಡ್ಡೆ ಜಾಸ್ತಿ ಆಗುತ್ತದೆ. ಗರಿ ಎಳಸಾದಷ್ಟೂ ರಸ ಹೀರುವ ನುಸಿಗೆ (ಥ್ರಿಪ್ಸ್) ಹಬ್ಬ.

ತೂಕ ಬರುವುದಿಲ್ಲವಾ ಅಂದರೆ, ಸ್ವಲ್ಪ ಬರುತ್ತದೆ. ಸುಳ್ಳು ಹೇಳಬಾರದು. ಆದರೆ ಈರುಳ್ಳಿಯಲ್ಲಿ ಶೇ. 85ಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಕೊನೆಗೆ ಕೂಡಿದ ತೂಕವೂ ಹೆಚ್ಚಿನ ಪಾಲು ಅದೇ. ತಕ್ಕಡಿ ಮೇಲೆ ಆ ದಿನವೇ ಕೂತರೆ ನಿಮ್ಮ ಲಾಭ. ಶೆಡ್ಡಿನಲ್ಲಿ ಕೂತರೆ ಅದೇ ನೀರು ಆರಿ ಹೋಗುತ್ತದೆ, ಇಲ್ಲಾ ಕೊಳೆತು ಪಕ್ಕದ ಗಡ್ಡೆಯನ್ನೂ ಕರೆದುಕೊಂಡು ಹೋಗುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ಒಂದು ವರ್ಷ ಕೀಳಲು 25 ದಿನ ಇದ್ದಾಗ ಎಕರೆಗೆ ಅರ್ಧ ಚೀಲ ಯೂರಿಯಾ ಎರಚಿದೆ. ಮಳೆಯೂ ಹಿಡಿಯಿತು. ಗಡ್ಡೆ ನೋಡಲು ಭಾರಿ ಚೆಂದ, ಊರಿನವರೆಲ್ಲ ಬಂದು ನೋಡಿದರು. ರೇಟು ಬಿದ್ದಿತ್ತು. ಒಂದು ತಿಂಗಳು ಇಟ್ಟು ಮಾರೋಣ ಅಂತ ಶೆಡ್ಡಿಗೆ ಹಾಕಿದೆ. ಹದಿನೈದನೇ ದಿನ ಬಾಗಿಲು ತೆಗೆದಾಗ ವಾಸನೆಯೇ ಸುದ್ದಿ ಹೇಳಿತು. ಮೇಲಿನ ಸಾಲು ನೆಟ್ಟಗಿತ್ತು. ಕೈ ಒಳಗೆ ಹಾಕಿದರೆ ಬಿಸಿ. ಎತ್ತಿದ ಗಡ್ಡೆಯ ಬುಡ ಗಟ್ಟಿ, ಕತ್ತಿನ ಹತ್ತಿರ ಹೆಬ್ಬೆರಳು ಹೂತುಕೊಂಡು ಹೋಯಿತು. ಆರಿಸಲು ಕೊಟ್ಟ ಕೂಲಿ, ಉಳಿದ ಈರುಳ್ಳಿ ಮಾರಿ ಬಂದ ದುಡ್ಡು, ಎರಡೂ ಹತ್ತಿರ ಹತ್ತಿರ ಸಮ ಆಯಿತು. ತಪ್ಪು ನನ್ನದೇ. ಇಡುವ ಈರುಳ್ಳಿಗೆ ಮಾರುವ ಈರುಳ್ಳಿಯ ಗೊಬ್ಬರ ಹಾಕಿದ್ದೆ.

ಹಾಗಾದರೆ ಯೂರಿಯಾ ಎಷ್ಟು, ಯಾವಾಗ? ನೀರಾವರಿ ಈರುಳ್ಳಿಗೆ ನಮ್ಮ ಕಡೆ ಹೇಳುವ ಲೆಕ್ಕ ಹೆಕ್ಟೇರಿಗೆ 125 ಕೆಜಿ ಸಾರಜನಕ, ಅಂದರೆ ಎಕರೆಗೆ 50 ಕೆಜಿ. ತಳಗೊಬ್ಬರಕ್ಕೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಹಾಕಿದ್ದರೆ ಅದರಲ್ಲೇ 9 ಕೆಜಿ ಬಂತು. ಉಳಿದ 41 ಕೆಜಿಗೆ 45 ಕೆಜಿಯ ಎರಡು ಚೀಲ ಯೂರಿಯಾ ಸಾಕು, ಯಾಕೆಂದರೆ ಒಂದೊಂದು ಚೀಲದಲ್ಲೂ 20.7 ಕೆಜಿ ಸಾರಜನಕ ಇರುತ್ತದೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಹಾಕಿದ್ದರೆ ಇದರಲ್ಲೂ ಕಮ್ಮಿ ಮಾಡಬಹುದು. ಈ ಎರಡು ಚೀಲವನ್ನೂ ನಾಟಿ ಮಾಡಿದ 30 ಮತ್ತು 45 ದಿನದ ಆಸುಪಾಸಿನಲ್ಲಿ ಮುಗಿಸಬೇಕು. 60 ದಿನ ದಾಟಿದ ಮೇಲೆ ಯೂರಿಯಾ ಚೀಲದ ಕಡೆ ನೋಡಲೂಬಾರದು.

ಇಲ್ಲೊಂದು ಎಡವಟ್ಟು ಆಗುತ್ತದೆ. ಪುಸ್ತಕದ ದಿನಗಳೆಲ್ಲ ಸಸಿ ನಾಟಿ ಮಾಡಿದವರಿಗೆ ಬರೆದದ್ದು. ನಮ್ಮಲ್ಲಿ ಮುಂಗಾರಿನಲ್ಲಿ ನೇರವಾಗಿ ಬೀಜ ಬಿತ್ತುವವರೇ ಬಹಳ. ಬಿತ್ತಿದ 60ನೇ ದಿನಕ್ಕೆ ಆ ಪೈರು ಇನ್ನೂ ಗಡ್ಡೆ ಕಟ್ಟಲು ಶುರು ಮಾಡಿದೆಯಷ್ಟೇ. ಅಂಥವರು ಮುಂದಿನಿಂದ ಎಣಿಸಬೇಡಿ, ಹಿಂದಿನಿಂದ ಎಣಿಸಿ. ಕೀಳಬೇಕು ಅಂದುಕೊಂಡ ದಿನಕ್ಕೆ 40-45 ದಿನ ಮುಂಚೆಯೇ ಕೊನೆಯ ಯೂರಿಯಾ ಮುಗಿದಿರಲಿ.

ಪೊಟ್ಯಾಶ್ ಪೊಟ್ಟಣ

"ಸಾರಜನಕ ಬೇಡ, ಪೊಟ್ಯಾಶ್ ಕೊಡಿ, ಗಡ್ಡೆ ಗಟ್ಟಿ ಆಗುತ್ತೆ, ಬಣ್ಣ ಬರುತ್ತೆ." ಈ ಮಾತಿನಲ್ಲಿ ಸತ್ಯ ಇದೆ. ಗರಿಯಲ್ಲಿ ತಯಾರಾದ ಆಹಾರ ಗಡ್ಡೆಗೆ ಇಳಿಯಲು ಪೊಟ್ಯಾಶ್ ಬೇಕು. ಆದರೆ ಕೊನೆಗೆ ಸಿಂಪಡಿಸುವ ಪೊಟ್ಟಣದಿಂದ ಎಷ್ಟು ಸಿಗುತ್ತದೆ? ಸುಮ್ನೆ ಕೂತು ಲೆಕ್ಕ ಹಾಕಿ.

16 ಲೀಟರ್ ಟ್ಯಾಂಕಿಗೆ ಲೀಟರಿಗೆ 5 ಗ್ರಾಂ ಪ್ರಕಾರ 80 ಗ್ರಾಂ 0-0-50. ಎಕರೆಗೆ 12 ಟ್ಯಾಂಕ್ ಅಂದರೆ ಹೆಚ್ಚೂಕಮ್ಮಿ ಒಂದು ಕೆಜಿ. ಅದರಲ್ಲಿ ಪೊಟ್ಯಾಶ್ ಅರ್ಧ ಕೆಜಿ. ಬೆಳೆಗೆ ಹೇಳಿರುವ ಒಟ್ಟು ಪೊಟ್ಯಾಶ್ ಎಕರೆಗೆ 50 ಕೆಜಿ. ನೂರರಲ್ಲಿ ಒಂದು ಪಾಲು! ಅದರಲ್ಲೂ ಈರುಳ್ಳಿ ಗರಿಗೆ ಮೇಣದ ಪದರ ಇರುತ್ತದೆ. ಅಂಟು ಬೆರೆಸದಿದ್ದರೆ ಹನಿ ನಿಲ್ಲದೆ ಜಾರಿ ನೆಲಕ್ಕೆ ಬೀಳುತ್ತದೆ. ಮಣ್ಣಿಗೆ ಮೊದಲೇ ಪೊಟ್ಯಾಶ್ ಹಾಕಿದವರಿಗೆ ಈ ಸಿಂಪಡಣೆ ಮದುವೆ ಊಟದ ಮೇಲಿನ ಎಲೆಅಡಿಕೆ. ಹಾಕದವರಿಗೆ ಎಲೆಅಡಿಕೆಯಿಂದ ಹೊಟ್ಟೆ ತುಂಬುವುದಿಲ್ಲ.

ಕೆಂಪು ಪೊಟ್ಯಾಶ್ ಅಂತ ಸಿಗುತ್ತದಲ್ಲ, ಎಂಒಪಿ, ಅದರಲ್ಲಿ ಶೇ. 60 ಪೊಟ್ಯಾಶ್ ಇದೆ. ಎಕರೆಯ 50 ಕೆಜಿಗೆ 83 ಕೆಜಿ ಬೇಕು. ಅದನ್ನು ತಳಗೊಬ್ಬರ, ಮೊದಲ ಮೇಲುಗೊಬ್ಬರದ ಜೊತೆಯೇ ಹಾಕಿಬಿಟ್ಟರೆ ಕೊನೆಗೆ ಪೊಟ್ಟಣ ಹುಡುಕುವ ಕೆಲಸವೇ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಈ ಲೆಕ್ಕ ಕಮ್ಮಿಯೂ ಆಗಬಹುದು. ಹಿರಿಯೂರಿನ ಬಬ್ಬೂರು ಫಾರಂನಲ್ಲಿ, ದಾವಣಗೆರೆಯವರಾದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಇನ್ನು 13-0-45. ಇದನ್ನೂ ಪೊಟ್ಯಾಶ್ ಅಂತಲೇ ಕೊಡುತ್ತಾರೆ. ಮೊದಲ ಅಂಕಿ ನೋಡಿ, ಅದು 13. ಅಂದರೆ ಸಾರಜನಕ ಇದೆ. ಇದನ್ನು ಕೇಳಿ ಕೆಲವರು ಮುಟ್ಟಲೇ ಹೆದರುತ್ತಾರೆ. ಅಷ್ಟು ಹೆದರಿಕೆ ಬೇಡ. ಒಂದು ಸಲ ಒಂದು ಕೆಜಿ ಸಿಂಪಡಿಸಿದರೆ ಎಕರೆಗೆ ಹೋಗುವ ಸಾರಜನಕ 130 ಗ್ರಾಂ. ಅದರಿಂದ ಕತ್ತು ದಪ್ಪ ಆಗುವುದಿಲ್ಲ. ಆದರೆ ಡ್ರಿಪ್ಪಿನಲ್ಲಿ ವಾರಕ್ಕೆ 5 ಕೆಜಿ ಹಾಗೆ ಮೂರು ವಾರ ಬಿಟ್ಟರೆ ಸುಮಾರು 2 ಕೆಜಿ ಸಾರಜನಕ ಬೇರಿನ ಬಾಯಿಗೇ ಹೋಯಿತು. ನಾಲ್ಕು ಕೆಜಿ ಯೂರಿಯಾಕ್ಕೆ ಸಮ. ಡ್ರಿಪ್ ಇರುವವರು ಕೊನೆಯ ಹಂತಕ್ಕೆ 0-0-50 ಇಟ್ಟುಕೊಳ್ಳುವುದು ಲೇಸು. 19-19-19, ಕ್ಯಾಲ್ಸಿಯಂ ನೈಟ್ರೇಟ್ ಎರಡನ್ನೂ ಈ ಹೊತ್ತಿಗೆ ಬದಿಗಿಡಿ.

0-0-50ರಲ್ಲಿ ಗಂಧಕವೂ ಇದೆ, ಶೇ. 17ರ ಮೇಲೆ. ಈರುಳ್ಳಿಯ ಘಾಟು, ಕಣ್ಣುರಿ ಎಲ್ಲಾ ಗಂಧಕದಿಂದಲೇ ಬರುವುದು. ಹಾಗಂತ ಘಾಟಿಗೆ ಇದನ್ನೇ ನಂಬಬೇಡಿ. ತಳಗೊಬ್ಬರಕ್ಕೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕಿದರೆ ಗಂಧಕ ಅದರಲ್ಲೇ ಬರುತ್ತದೆ, ಡಿಎಪಿಯಲ್ಲಿ ಅದಿಲ್ಲ. ಒಂದೇ ವಿಷಯ, ಆಗ ಡಿಎಪಿಯಿಂದ ಬರುತ್ತಿದ್ದ 9 ಕೆಜಿ ಸಾರಜನಕವನ್ನು ಯೂರಿಯಾದಲ್ಲಿ ತುಂಬಿಕೊಳ್ಳಬೇಕು.

ಒಮ್ಮೆ ಕತ್ತು ಬಿದ್ದ ಮೇಲೆ ಯಾವ ಪೊಟ್ಟಣವೂ ಬೇಡ. ಬಾಗಿದ ಗರಿ ತನ್ನಲ್ಲಿ ಇದ್ದದ್ದನ್ನು ಕೆಳಗಿಳಿಸಿ ಒಣಗುತ್ತದೆ.

ಬಾಟಲಿ

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. "ಸೈಜ್ ಬರುತ್ತೆ, ಶೈನಿಂಗ್ ಬರುತ್ತೆ" ಅಂತ ಒಬ್ಬರು ಅರ್ಧ ಲೀಟರಿನ ಬಾಟಲಿ ಕೊಟ್ಟಿದ್ದರು. ಮನೆಗೆ ಬಂದು ಚೀಟಿ ಓದಿದರೆ ಒಳಗೆ ಏನಿದೆ ಅನ್ನುವುದೇ ಬರೆದಿರಲಿಲ್ಲ, ದೊಡ್ಡ ಗಡ್ಡೆಯ ಚಿತ್ರ ಮಾತ್ರ ಇತ್ತು. ಹೊಡೆದ ಮಡಿಗೂ ಹೊಡೆಯದ ಮಡಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಅಂಶ ಎಷ್ಟು ಅಂತ ಬರೆಯದ ಬಾಟಲಿಗೆ ದುಡ್ಡು ಕೊಡಬೇಡಿ. ಬಿಲ್ಲು ಕೊಡದ ಕಡೆಯಂತೂ ಬೇಡವೇ ಬೇಡ.

ಎಲ್ಲಾ ನಿಲ್ಲಿಸುವುದು

ದೊಡ್ಡಪ್ಪನ ದಾರಿ. ನಾನು ಈಗ ಇಡುವ ಈರುಳ್ಳಿಗೆ ಇದನ್ನೇ ಹಿಡಿದಿದ್ದೇನೆ. ಆದರೆ "ಸುಮ್ನಿರು" ಅಂದರೆ ಕೈಕಟ್ಟಿ ಕೂರುವುದು ಅಂತಲ್ಲ. ಗೊಬ್ಬರ ನಿಲ್ಲಿಸಿ ನೀರು ಬಿಡುತ್ತಲೇ ಇದ್ದರೆ ಅರ್ಧ ಕೆಲಸ ಮಾಡಿದ ಹಾಗೆ.

ಕೀಳುವ 10-15 ದಿನ ಮುಂಚೆ ನೀರು ನಿಲ್ಲಬೇಕು. ಕೆಂಪು ಮಣ್ಣಿನಲ್ಲಿ 10 ದಿನ ಸಾಕಾಗುತ್ತದೆ, ಬೇಗ ಆರುತ್ತದೆ. ಎರೆ ಭೂಮಿಯಾದರೆ 15 ದಿನಕ್ಕಿಂತ ಕಮ್ಮಿ ಬೇಡ. ಜಗಳೂರು ಕಡೆಯ ನನ್ನ ಮಾವನ ಎರೆ ಹೊಲದಲ್ಲಿ ಮೇಲೆ ಬಿರುಕು ಬಿಟ್ಟಿದ್ದರೂ ಒಂದು ಗೇಣು ಕೆಳಗೆ ಮಣ್ಣು ಉಂಡೆ ಕಟ್ಟುತ್ತಿತ್ತು. ಅಗೆದು ನೋಡದೆ ದಿನ ಎಣಿಸಿದರೆ ಪ್ರಯೋಜನವಿಲ್ಲ.

ಮುಂಗಾರಿನ ಕಷ್ಟ ಬೇರೆ. ನೀವು ಬೋರು ಬಂದ್ ಮಾಡಿದರೂ ಮೇಲಿನವನು ಮಾಡಬೇಕಲ್ವಾ? ಆ ಕಾಲದಲ್ಲಿ ಕತ್ತು ಬೇಸಿಗೆ ಬೆಳೆಯ ಹಾಗೆ ತಾನಾಗಿ ಸಾಲಿಗೆ ಸಾಲು ಬೀಳುವುದೂ ಇಲ್ಲ. ಅದಕ್ಕೇ ಕೆಲವರು ಖಾಲಿ ಡ್ರಮ್ ಉರುಳಿಸಿ ಕತ್ತು ಮುರಿಯುತ್ತಾರೆ. ಗಡ್ಡೆ ಬಲಿತು ಬಣ್ಣ ಬಂದ ಮೇಲೆ ಮಾಡಿದರೆ ಉಪಯೋಗ ಇದೆ. ಯೂರಿಯಾ ಹಾಕಿ ಕೊಬ್ಬಿದ ಕತ್ತಿನ ಮೇಲೆ ಡ್ರಮ್ ಉರುಳಿಸಿದರೆ ಅದು ಬಾಗುವುದಿಲ್ಲ, ಸೀಳುತ್ತದೆ. ಸೀಳಿದ ಹಸಿ ಕತ್ತು, ಅದರ ಮೇಲೆ ಎರಡು ಹನಿ ಮಳೆ. ಮುಂದಿನದ್ದು ಹೇಳಬೇಕಿಲ್ಲ.

ಕಿತ್ತ ಮೇಲೆ ಹೊಲದಲ್ಲೇ 3-5 ದಿನ ಸಾಲಾಗಿ ಹಾಸಿ. ಒಂದು ಸಾಲಿನ ಗರಿ ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚುವ ಹಾಗೆ ಹಾಸಿದರೆ ಬಿಸಿಲಿಗೆ ಗಡ್ಡೆ ಬೇಯುವುದಿಲ್ಲ. ಆಮೇಲೆ ಒಂದು ಇಂಚು ಕತ್ತು ಬಿಟ್ಟು ಕೊಯ್ಯಿರಿ. ಗಡ್ಡೆಗೆ ಹತ್ತಿ ಕೊಯ್ದರೆ ಮತ್ತೆ ಬಾಗಿಲು ತೆರೆದ ಹಾಗೆಯೇ. ಆಮೇಲೆ 10-12 ದಿನ ನೆರಳಿನಲ್ಲಿ, ಗಾಳಿ ಆಡುವ ಕಡೆ. ಕೈಯಲ್ಲಿ ಎತ್ತಿ ಸುರಿದರೆ ಸರಸರ ಅಂತ ಒಣ ಸಿಪ್ಪೆಯ ಸದ್ದು ಬರಬೇಕು. ಹಸಿ ಈರುಳ್ಳಿ ದಬದಬ ಬೀಳುತ್ತದೆ. ಈ ಸದ್ದು ಕೇಳಿಯೇ ಮಂಡಿಯಲ್ಲಿ ಅರ್ಧ ವ್ಯಾಪಾರ ಮುಗಿಯುತ್ತದೆ.

ಇದರಲ್ಲಿ ನಷ್ಟ ಇಲ್ಲವಾ? ಇದೆ. ಕಿತ್ತ ದಿನ ತೂಕ ಕಮ್ಮಿ ಇರುತ್ತದೆ. ಗಡ್ಡೆ ಒಂದು ಸುತ್ತು ಸಣ್ಣದಾಗಿಯೂ ಕಾಣಬಹುದು. ಹೊಲ ಹಳದಿ ತಿರುಗಿದಾಗ ಬಂದವರೆಲ್ಲ "ಏನಪ್ಪಾ, ಗೊಬ್ಬರಕ್ಕೆ ದುಡ್ಡಿಲ್ವಾ?" ಅಂತ ಕೇಳುತ್ತಾರೆ. ನನ್ನ ಅನುಭವದಲ್ಲಿ ಅದನ್ನು ತಡೆದುಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ.

ಯಾರಿಗೆ ಯಾವುದು

ಶೆಡ್ಡಿಲ್ಲ, ಸಾಲ ತೀರಿಸಬೇಕು, ಕಿತ್ತು ಎರಡು ದಿನ ಆರಿಸಿ ಲಾರಿಗೆ ಹಾಕುವವರು ನೀವಾದರೆ ಪೊಟ್ಯಾಶ್ ಸಿಂಪಡಣೆ ಒಂದು ಸಲ ಮಾಡಿ, ಮನಸ್ಸಿಗೂ ಸಮಾಧಾನ. ನೀರನ್ನು ಸ್ವಲ್ಪ ತಡವಾಗಿ ನಿಲ್ಲಿಸಬಹುದು. ಯೂರಿಯಾ ಆಗಲೂ ಬೇಡ ಅಂತಲೇ ನನ್ನ ಮಾತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಹಳೆಯ ಒಣ ಈರುಳ್ಳಿಯೂ ಅದೇ ಮಂಡಿಗೆ ಬರುತ್ತಿರುತ್ತದೆ. ಅದರ ಪಕ್ಕ ನಿಮ್ಮ ಹಸಿ ಕತ್ತಿನ ಚೀಲ ಕೂತರೆ ಕೊಳ್ಳುವವರು ಮೊದಲು ಬೆರಳು ಹಾಕುವುದೇ ಕತ್ತಿಗೆ. ತೂಕದಲ್ಲಿ ಗಳಿಸಿದ್ದನ್ನು ರೇಟಿನಲ್ಲಿ ಬಿಡಬೇಕಾಗುತ್ತದೆ. ಲಾರಿಯಲ್ಲಿ ಟಾರ್ಪಾಲಿನ ಕೆಳಗೆ ಒಂದು ರಾತ್ರಿ ಬೆವತರೂ ಸಾಕು, ಕೊಳೆ ಶುರುವಾಗಲು.

ಒಂದು ತಿಂಗಳಾದರೂ ಇಡುವವರು, ಬೀಜದ ಗಡ್ಡೆ ಮಾಡುವವರು, ಮನೆಗೆ ವರ್ಷದ ಈರುಳ್ಳಿ ತೆಗೆದಿಡುವವರು ದೊಡ್ಡಪ್ಪನ ಮಾತು ಕೇಳಿ. ಅರ್ಕಾ ನಿಕೇತನದಂಥ ಇಡಲು ಬರುವ ತಳಿಯಾದರೂ ಕೊನೆಗೆ ಯೂರಿಯಾ ಬಿದ್ದರೆ ತಳಿಯ ಗುಣ ಕಾಪಾಡುವುದಿಲ್ಲ.

ಅರ್ಧ ಮಾರಿ ಅರ್ಧ ಇಡುವವರು ಹೊಲವನ್ನೇ ಎರಡು ಮಾಡಿ. ಬೋರಿನ ಹತ್ತಿರದ ತೇವದ ಭಾಗ ಮಾರಲು, ದಿಬ್ಬದ ಭಾಗ ಇಡಲು. ಒಟ್ಟಿಗೆ ಕಿತ್ತು ಆಮೇಲೆ ಶೆಡ್ಡಿನಲ್ಲಿ ಬೇರೆ ಮಾಡುತ್ತೇನೆ ಅಂದರೆ ಆಗುವುದಿಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ.

ನೇರಳೆ ಮಚ್ಚೆ ರೋಗವೋ ನುಸಿಯೋ ಬಂದು ಗರಿ ಸುಟ್ಟು ಹೋಗಿ ಗಡ್ಡೆ ಸಣ್ಣದಾಗಿದ್ದರೆ ಯಾವ ಗೊಬ್ಬರವೂ ಕೆಲಸ ಮಾಡುವುದಿಲ್ಲ. ಅಡುಗೆ ಮಾಡುವ ಗರಿಯೇ ಇಲ್ಲ, ಇನ್ನು ರೇಷನ್ ತಂದು ಏನು ಮಾಡುವುದು? ಅಲ್ಲಿಗೆ ಖರ್ಚು ನಿಲ್ಲಿಸಿ.

ಇದೇ ಲೆಕ್ಕವನ್ನು ಟೊಮೆಟೊ, ಮೆಣಸಿನಕಾಯಿ, ಸೇವಂತಿಗೆಗೆ ಹಾಕಬೇಡಿ. ಅವು ಬಿಡಿಸಿದ ಹಾಗೆ ಮತ್ತೆ ಬಿಡುವ ಬೆಳೆ, ಬಿಡುವ ತನಕ ಊಟ ಕೇಳುತ್ತವೆ. ಈರುಳ್ಳಿ ಒಂದೇ ಸಲ ಕಿತ್ತು ಮುಗಿಸುವ ಬೆಳೆ. ಬೆಳ್ಳುಳ್ಳಿಗೆ ಬೇಕಾದರೆ ಹೊಂದುತ್ತದೆ.

ನನ್ನ ಮಾತು ನಂಬದಿದ್ದರೆ ಈ ಸಲ ಎರಡು ಮಡಿಗೆ ಕೊನೆಯದ್ದು ಏನೂ ಹಾಕದೆ ಬಿಡಿ. ಹಾಕಿದ ಕಡೆಯಿಂದ, ಹಾಕದ ಕಡೆಯಿಂದ ಒಂದೊಂದು ಚೀಲ ತೂಗಿ, ಬೇರೆ ಬೇರೆ ನೇತುಹಾಕಿ. ಡಿಸೆಂಬರಿನಲ್ಲಿ ಮತ್ತೆ ತೂಗಿ, ಕೊಳೆತದ್ದನ್ನು ಎಣಿಸಿ. ಗುರುತಿಗೆ ಚೀಲದ ಬಾಯಿಗೆ ಕೆಂಪು ದಾರ ಕಟ್ಟಿ, ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ನಮ್ಮಲ್ಲಿ ಮೊದಲ ವರ್ಷ ಹೇಳಿರಲಿಲ್ಲ. ಅವ್ವ ಒಣಗಿದ ಚೀಲವನ್ನೇ ಹುಡುಕಿ ಬಿಚ್ಚಿ, ದಿನಾ ನಾಲ್ಕು ನಾಲ್ಕು ಸಾರಿಗೆ ಹಾಕಿ ಮುಗಿಸಿಬಿಟ್ಟಿದ್ದಳು. ಕೇಳಿದರೆ, "ಆ ಇನ್ನೊಂದು ಚೀಲದ್ದು ನಾರ್ತೈತಲ್ಲೋ" ಅಂದಳು.